ದರೋಜಿ ಕರಡಿಧಾಮ: ಹೊರಡುವ ಮುಂಚೆಯೇ ಮಾಡಿಕೊಳ್ಳಬೇಕಾದ ತಯಾರಿ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರಿಗೆ ಕಾಡುಪ್ರಾಣಿ ನೋಡಬೇಕು ಅನ್ನಿಸಿದರೆ ಮೊದಲು ಬಾಯಿಗೆ ಬರುವ ಹೆಸರು ಬಂಡೀಪುರ. ರಾಜ್ಯದಲ್ಲಿ ಐದು ರಾಷ್ಟ್ರೀಯ ಉದ್ಯಾನಗಳಿವೆ. ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಂಶಿ. ಒಂದೂ ನಮ್ಮ ಕಡೆ ಇಲ್ಲ. ಹಾಗಾಗಿ ರಜೆ ಹಾಕಿ, ರಾತ್ರಿಯೆಲ್ಲ ಪ್ರಯಾಣ ಮಾಡಿ ಅಲ್ಲಿಗೆ ಹೋಗಿ ಬರುತ್ತೇವೆ. ಹೋಗಬೇಡಿ ಅಂತ ಹೇಳುತ್ತಿಲ್ಲ. ಆದರೆ ಬಳ್ಳಾರಿಯಿಂದ ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರುವಷ್ಟು ಹತ್ತಿರದಲ್ಲಿ, ಕಾಡಿನ ಕರಡಿ ಹಗಲು ಬೆಳಕಿನಲ್ಲೇ ಮರಿಗಳನ್ನು ಬೆನ್ನ ಮೇಲೆ ಹೊತ್ತುಕೊಂಡು ಬಂಡೆ ಇಳಿದು ಬರುವುದನ್ನು ನೋಡುವ ಜಾಗ ಇದೆ. ಅದೇ ಹಂಪಿ ಹತ್ತಿರದ ದರೋಜಿ ಕರಡಿಧಾಮ. ನಮ್ಮವರೇ ಎಷ್ಟೋ ಜನ ಅದನ್ನು ಇನ್ನೂ ನೋಡಿಲ್ಲ.

ನೋಡಲು ಹೋದವರಲ್ಲೂ ಜಾಸ್ತಿ ಜನ ಮಾಡುವುದು ಒಂದೇ. ಬೆಳಿಗ್ಗೆಯಿಂದ ಹಂಪಿಯಲ್ಲಿ ಸುತ್ತುತ್ತಾರೆ. ವಿಜಯ ವಿಠ್ಠಲ ದೇವಸ್ಥಾನ ಮುಗಿಸುವ ಹೊತ್ತಿಗೆ ಕಾಲು ಸೋತಿರುತ್ತದೆ, ಮಕ್ಕಳು ಅಳುತ್ತಿರುತ್ತವೆ. ಆಮೇಲೆ ಯಾರೋ ಒಬ್ಬರು ‘ಇಲ್ಲೇ ಹತ್ತಿರ ಕರಡಿಧಾಮ ಇದೆಯಂತೆ, ಹೋಗೋಣ್ವಾ’ ಅನ್ನುತ್ತಾರೆ. ಗೇಟು ಮುಟ್ಟುವಾಗ ಸಂಜೆ ಐದು ಗಂಟೆ. ಅರ್ಧ ಗಂಟೆ ನಿಂತು, ಏನೂ ಕಾಣದೆ, ‘ಅಲ್ಲಿ ಏನೂ ಇಲ್ಲ’ ಅಂತ ಊರೆಲ್ಲ ಹೇಳುತ್ತಾರೆ. ಇದನ್ನು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಅಲ್ಲಿ ಎಲ್ಲವೂ ಇದೆ. ಇವರು ತಡವಾಗಿ ಹೋದರು, ಅಷ್ಟೇ.

ಬಂಡೀಪುರದಲ್ಲಿ ಗಾಡಿ ಪ್ರಾಣಿಯನ್ನು ಹುಡುಕಿಕೊಂಡು ಹೋಗುತ್ತದೆ. ದರೋಜಿಯಲ್ಲಿ ನಾವು ಒಂದು ಕಡೆ ಕೂತಿರಬೇಕು, ಕರಡಿ ತಾನಾಗಿ ಬರಬೇಕು. ಈ ಒಂದು ವ್ಯತ್ಯಾಸ ತಲೆಯಲ್ಲಿ ಇಟ್ಟುಕೊಂಡರೆ ಉಳಿದ ಯೋಜನೆ ತಾನೇ ಸರಿಹೋಗುತ್ತದೆ. ನಿಮ್ಮ ದಿನವನ್ನು ಬೆಳಿಗ್ಗೆಯಿಂದ ಲೆಕ್ಕ ಹಾಕಬೇಡಿ, ಮಧ್ಯಾಹ್ನದಿಂದ ಹಿಂದಕ್ಕೆ ಲೆಕ್ಕ ಹಾಕಿ. ಎರಡು ಗಂಟೆಯೊಳಗೆ ವಾಚ್ ಟವರ್ ಮೇಲೆ ಇರಬೇಕು ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ. ಊಟ, ಹಂಪಿ, ಮ್ಯೂಸಿಯಂ, ಎಲ್ಲವನ್ನೂ ಅದಕ್ಕೆ ಹೊಂದಿಸಿ.

ಯಾಕೆ ಮಧ್ಯಾಹ್ನ? ಧಾಮದೊಳಗೆ ಕರಡಿಕಲ್ಲು ಗುಡ್ಡ ಅಂತ ಒಂದು ಬಂಡೆಗಳ ಗುಡ್ಡ ಇದೆ. ಅದರ ಎದುರಿಗೆ ಅರಣ್ಯ ಇಲಾಖೆಯ ವಾಚ್ ಟವರ್ ಇದೆ. ಸಿಬ್ಬಂದಿ ಮಧ್ಯಾಹ್ನ ಆ ಬಂಡೆಗಳ ಮೇಲೆ ಬೆಲ್ಲ, ಜೇನು ಬೆರೆಸಿದ ಪಾಕ ಸವರಿ ಬರುವುದು ಬಹಳ ವರ್ಷದಿಂದ ನಡೆದುಬಂದ ಪದ್ಧತಿ. ಕರಡಿಗೆ ಕಣ್ಣು ಅಷ್ಟು ಚುರುಕಲ್ಲ, ಕಿವಿಯೂ ಅಷ್ಟಕ್ಕಷ್ಟೆ, ಆದರೆ ಮೂಗು ಬಲು ಚುರುಕು. ವಾಸನೆ ಹಿಡಿದು ಒಂದೊಂದೇ ಬಂಡೆ ಸಂದಿಯಿಂದ ಹೊರಗೆ ಬರುತ್ತವೆ. ಕಾಡುಪ್ರಾಣಿಗೆ ಹೀಗೆ ತಿನ್ನಿಸುವುದು ಸರಿಯಾ ಅಂತ ಕೇಳುವವರಿದ್ದಾರೆ, ಆ ಪ್ರಶ್ನೆ ಕೇಳಬೇಕಾದ್ದೇ. ನನಗೆ ಅನ್ನಿಸುವುದು ಇಷ್ಟು: ಕರಡಿಯ ನಿಜವಾದ ಹೊಟ್ಟೆಪಾಡು ಗೆದ್ದಲು, ಇರುವೆ, ಕಾಡಿನ ಹಣ್ಣುಗಳ ಮೇಲೇ ನಡೆಯಬೇಕು. ಆ ಹಣ್ಣಿನ ಗಿಡಗಳು ಉಳಿಯಬೇಕು. ಬೆಲ್ಲ ಅದರ ಜಾಗಕ್ಕೆ ಬರಬಾರದು.

ನೋಡುಗರನ್ನು ಒಳಗೆ ಬಿಡುವುದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಸಂಜೆ ಆರರ ಆಸುಪಾಸಿನವರೆಗೆ. ಇದು ಋತುವಿನ ಮೇಲೆ, ಇಲಾಖೆಯ ಆದೇಶದ ಮೇಲೆ ಹಿಂದೆಮುಂದೆ ಆಗುತ್ತದೆ. ಹಾಗಾಗಿ ಮೊದಲ ಕೆಲಸ ಒಂದು ಫೋನ್. ಎಲ್ಲೋ ಓದಿದ ಹಳೆ ದರ, ಹಳೆ ಸಮಯ ನಂಬಿಕೊಂಡು ಹೊರಡಬೇಡಿ. ಹೋಗುವ ಹಿಂದಿನ ದಿನ ಅರಣ್ಯ ಇಲಾಖೆಯವರಿಗೆ, ಇಲ್ಲವೇ ನೀವು ಉಳಿದುಕೊಳ್ಳುವ ಹೋಟೆಲಿನವರಿಗೆ ಫೋನ್ ಮಾಡಿ ಕೇಳಿ. ನಾಳೆ ತೆರೆದಿರುತ್ತದಾ, ಗೇಟಿನೊಳಗೆ ಎಷ್ಟು ಗಂಟೆಯಿಂದ ಬಿಡುತ್ತಾರೆ, ಟಿಕೆಟ್ ತಲೆಗೆಷ್ಟು, ಗಾಡಿಗೆಷ್ಟು, ಕ್ಯಾಮೆರಾಗೆ ಬೇರೆ ಹಣ ಇದೆಯಾ, ಸ್ವಂತ ಕಾರು ಟವರ್ ಹತ್ತಿರದವರೆಗೆ ಹೋಗಬಹುದಾ, ಹಣ ಫೋನ್‌ನಲ್ಲಿ ಕಟ್ಟಬಹುದಾ ಇಲ್ಲ ನಗದೇ ಬೇಕಾ. ಬೈಕ್‌ನಲ್ಲಿ ಬರುವವರು ಬೈಕ್ ಒಳಗೆ ಬಿಡುತ್ತಾರಾ ಅನ್ನುವುದನ್ನು ಕೇಳದೆ ಮನೆಯಿಂದ ಹೊರಡಲೇಬೇಡಿ. ಕರಡಿ ಇರುವ ಕಾಡಿನಲ್ಲಿ ಬಾಗಿಲು ಮುಚ್ಚಿದ ಗಾಡಿಯೇ ಸರಿ. ಕೊನೆಗೆ ಇದೊಂದು ಪ್ರಶ್ನೆ ಕೇಳಿ: ‘ಈ ವಾರ ಕರಡಿ ಎಷ್ಟು ಗಂಟೆಗೆ ಬರ್ತಿವೆ?’ ದಿನಾ ನೋಡುವವರ ಉತ್ತರಕ್ಕಿಂತ ಒಳ್ಳೆಯ ಮಾಹಿತಿ ಬೇರೆ ಎಲ್ಲೂ ಸಿಗುವುದಿಲ್ಲ. ಅವರು ‘ನಾಲ್ಕರ ಮೇಲೆ’ ಅಂದರೂ ನೀವು ಎರಡಕ್ಕೇ ಹೋಗಿ. ಕರಡಿಗೆ ಗಡಿಯಾರ ಇಲ್ಲ.

ಇನ್ನು ದಾರಿ. ಹೆಸರು ದರೋಜಿ ಅಂತ ಇದೆ, ಬಳ್ಳಾರಿ-ಹೊಸಪೇಟೆ ರೈಲು ದಾರಿಯಲ್ಲಿ ದರೋಜಿ ಅಂತ ಸ್ಟೇಷನ್ನೂ ಇದೆ. ಆದರೆ ಅಲ್ಲಿ ಇಳಿದರೆ ಕೆಲಸ ಆಗುವುದಿಲ್ಲ. ದರೋಜಿ ಊರು ಸಂಡೂರು ತಾಲ್ಲೂಕಿನದು, ನೋಡುಗರು ಹೋಗುವ ದಾರಿ ಕಮಲಾಪುರದ ಕಡೆಯಿಂದ. ಬಳ್ಳಾರಿಯವರು ಕುಡಿತಿನಿ, ತೋರಣಗಲ್ಲು ದಾಟಿ ಹೊಸಪೇಟೆ, ಅಲ್ಲಿಂದ ಕಮಲಾಪುರ. ಕೊಪ್ಪಳದವರಿಗೆ ಮುನಿರಾಬಾದ್ ಮೇಲೆ ಹೊಸಪೇಟೆ, ಅವರಿಗೇ ಎಲ್ಲರಿಗಿಂತ ಹತ್ತಿರ. ಹೊಸಪೇಟೆಯಿಂದ ಕಮಲಾಪುರ ಹನ್ನೆರಡು ಕಿಲೋಮೀಟರ್ ಇರಬಹುದು. ಹಂಪಿಯಿಂದ ಕರಡಿಧಾಮಕ್ಕೆ ಸುಮಾರು 15 ಕಿಲೋಮೀಟರ್. ಬಸ್ಸಿನಲ್ಲಿ ಬರುವವರು ಕಮಲಾಪುರದಲ್ಲಿ ಇಳಿದು ಆಟೊ ಮಾಡಿಕೊಳ್ಳಿ. ಆದರೆ ಹೋಗಿ ಬರುವುದಕ್ಕೆ, ಸಂಜೆವರೆಗೆ ಅಲ್ಲೇ ಕಾಯುವುದಕ್ಕೆ, ಎರಡಕ್ಕೂ ಸೇರಿಸಿ ಬಾಡಿಗೆ ಮೊದಲೇ ಮಾತಾಡಿಕೊಳ್ಳಿ. ಸುಮ್ನೆ ಬಿಟ್ಟು ಹೋಗಿ ಅಂದರೆ ಸಂಜೆ ಆರು ಗಂಟೆಗೆ ಅಲ್ಲಿ ನಿಮಗೆ ಇನ್ನೊಂದು ಆಟೊ ಸಿಗುವುದಿಲ್ಲ.

ರಾಯಚೂರಿನವರಿಗೆ ಬೇರೆ ಲೆಕ್ಕ. ಮಾನ್ವಿ, ಸಿಂಧನೂರು, ಕಾರಟಗಿ ದಾಟಿ ಗಂಗಾವತಿಗೆ ಬಂದರೆ ಅಲ್ಲಿಂದ ನದಿ ದಾಟಬೇಕು. ಕಂಪ್ಲಿ ಸೇತುವೆ ಇದೆ, ಕಡೇಬಾಗಿಲು-ಬುಕ್ಕಸಾಗರ ಸೇತುವೆಯೂ ಇದೆ. ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ, ನಿಮಗೂ ಗೊತ್ತಿರುತ್ತದೆ. ಜುಲೈಯಿಂದ ಅಕ್ಟೋಬರ್‌ವರೆಗೆ ಹೊರಡುವ ದಿನ ಬೆಳಿಗ್ಗೆ ಡ್ಯಾಮಿನ ನೀರಿನ ಸುದ್ದಿ ನೋಡಿಕೊಂಡೇ ದಾರಿ ಹಿಡಿಯಿರಿ. ಅನುಮಾನ ಇದ್ದರೆ ಮುನಿರಾಬಾದ್ ಮೇಲೆ ಸುತ್ತಿ ಬನ್ನಿ, ಸ್ವಲ್ಪ ದೂರ ಆದರೂ ಮನಸ್ಸಿಗೆ ನೆಮ್ಮದಿ.

ಬೆಳಿಗ್ಗೆ ಹೊತ್ತು ಏನು ಮಾಡುವುದು? ಮೊದಲ ಸಲ ಬರುವವರಿಗೆ ನಾನು ಹೇಳುವುದು ಕಮಲಾಪುರದ ಪುರಾತತ್ವ ಮ್ಯೂಸಿಯಂ. ಅಲ್ಲಿ ಇಡೀ ಹಂಪಿಯ ಮಾದರಿ ಮಾಡಿಟ್ಟಿದ್ದಾರೆ. ನದಿ ಎಲ್ಲಿ, ಗುಡ್ಡ ಎಲ್ಲಿ, ಯಾವ ಗುಡಿ ಎಲ್ಲಿ ಅನ್ನುವುದು ಒಂದೇ ನೋಟಕ್ಕೆ ಸಿಗುತ್ತದೆ. ಅದನ್ನು ನೋಡಿದ ಮೇಲೆ ಈ ಬಂಡೆಗಳ ನಾಡು ಹೇಗಿದೆ, ಕರಡಿಗೆ ಇದು ಯಾಕೆ ಹೇಳಿ ಮಾಡಿಸಿದ ಜಾಗ ಅಂತ ಅರ್ಥ ಆಗುತ್ತದೆ. ಈ ಮ್ಯೂಸಿಯಂಗೆ ಶುಕ್ರವಾರ ರಜೆ. ಆಮೇಲೆ ಕಮಲ ಮಹಲ್, ಆನೆ ಲಾಯ, ಇವೆರಡು ಕಮಲಾಪುರಕ್ಕೆ ಹತ್ತಿರ. ಇಷ್ಟಕ್ಕೇ ನಿಲ್ಲಿಸಿ. ಕಮಲ ಮಹಲ್‌ಗೆ ತೆಗೆದುಕೊಂಡ ಟಿಕೆಟ್ಟೇ ವಿಠ್ಠಲ ದೇವಸ್ಥಾನಕ್ಕೂ ನಡೆಯುತ್ತದೆ, ಭಾರತೀಯರಿಗೆ 40 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಟಿಕೆಟ್ ಹೇಗೂ ಇದೆಯಲ್ಲ, ಅದನ್ನೂ ನೋಡೇಬಿಡೋಣ ಅಂತ ಆಸೆ ಆಗುತ್ತದೆ. ಆದರೆ ಅಲ್ಲಿ ಬ್ಯಾಟರಿ ಗಾಡಿಗೆ ಸಾಲು ನಿಲ್ಲಬೇಕು, ರಜಾ ದಿನ ಆ ಸಾಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಹೇಳಲು ಬರುವುದಿಲ್ಲ. ಕರಡಿ ನೋಡುವ ದಿನ ವಿಠ್ಠಲ ದೇವಸ್ಥಾನ ಬೇಡ. ಅದಕ್ಕೆ ಇನ್ನೊಂದು ದಿನ ಬನ್ನಿ, ನಮಗೇನು ದೂರವಾ?

ಚಿಕ್ಕ ಮಕ್ಕಳಿದ್ದರೆ ಬೆಳಿಗ್ಗೆ ಅಟಲ್ ಬಿಹಾರಿ ವಾಜಪೇಯಿ ಜೂಲಾಜಿಕಲ್ ಪಾರ್ಕ್‌ಗೆ ಹೋಗಬಹುದು. ಕಮಲಾಪುರದ ಹತ್ತಿರವೇ, 2017ರಲ್ಲಿ ಶುರುವಾಯಿತು. ಬಳ್ಳಾರಿಯ ಹಳೇ ಮಿನಿ ಜೂ ನೆನಪಿರುವವರಿಗೆ ಹೇಳುತ್ತೇನೆ, ಅಲ್ಲಿದ್ದ ಪ್ರಾಣಿಗಳನ್ನು ಇಲ್ಲಿಗೇ ತಂದರು. ಇಲ್ಲಿ ಬಸ್ಸಿನಲ್ಲಿ ಕೂರಿಸಿ ಹುಲಿ, ಸಿಂಹ, ಜಿಂಕೆಗಳ ಸಫಾರಿ ಮಾಡಿಸುತ್ತಾರೆ. ಮಕ್ಕಳಿಗೆ ಖುಷಿಯಾಗುತ್ತದೆ. ಆದರೆ ಜೂ ನೋಡಿದ ಮಗು ಮಧ್ಯಾಹ್ನ ಕಾಡಿನಲ್ಲೂ ಪ್ರಾಣಿ ತಕ್ಷಣ ಎದುರಿಗೆ ಬರಬೇಕು ಅಂದುಕೊಳ್ಳುತ್ತದೆ. ಹಾಗಾಗಿ ದಾರಿಯಲ್ಲೇ ಕೂರಿಸಿಕೊಂಡು ಹೇಳಿ: ಅಲ್ಲಿ ಬೇಲಿಯೊಳಗೆ ಇತ್ತು, ಇಲ್ಲಿ ಕರಡಿ ತನ್ನ ಮನೆಯಲ್ಲಿದೆ, ಬರಬಹುದು ಬರದೇ ಇರಬಹುದು, ನಾವು ಸದ್ದು ಮಾಡದೆ ಕಾಯಬೇಕು. ಮಕ್ಕಳು ದೊಡ್ಡವರಿಗಿಂತ ಚೆನ್ನಾಗಿ ಇದನ್ನು ಕೇಳುತ್ತಾರೆ. ಜೂ, ಹಂಪಿ, ಕರಡಿಧಾಮ ಮೂರನ್ನೂ ಒಂದೇ ದಿನಕ್ಕೆ ತುರುಕಬೇಡಿ.

ಹನ್ನೆರಡೂವರೆಗೆ ಊಟ ಮುಗಿಸಿಬಿಡಿ. ಹೊಸಪೇಟೆಯಲ್ಲಾಗಲಿ ಕಮಲಾಪುರದಲ್ಲಾಗಲಿ ಮಾಡಿ, ಮನೆಯಿಂದ ರೊಟ್ಟಿ, ಶೇಂಗಾ ಪುಡಿ ಕಟ್ಟಿಕೊಂಡು ಬಂದಿದ್ದರೆ ಇನ್ನೂ ಒಳ್ಳೆಯದು. ಆದರೆ ತಿನ್ನುವುದೆಲ್ಲ ಗೇಟಿನ ಹೊರಗೆ. ಟವರ್ ಮೇಲೆ ಮಿರ್ಚಿ, ಚಿಪ್ಸ್ ಪೊಟ್ಟಣ ಬಿಚ್ಚಬೇಡಿ. ಆ ಪೊಟ್ಟಣದ ಸದ್ದು, ವಾಸನೆ ಎರಡೂ ಅಲ್ಲಿ ಬೇಡ. ಕುಡಿಯುವ ನೀರು ಮಾತ್ರ ತಲೆಗೆ ಒಂದು ಲೀಟರ್‌ಗೆ ಕಡಿಮೆ ಇಲ್ಲದಂತೆ ಇಟ್ಟುಕೊಳ್ಳಿ, ಖಾಲಿ ಬಾಟಲಿ ವಾಪಸ್ ತನ್ನಿ. ಶೌಚಕ್ಕೆ ಊಟದ ಹೋಟೆಲಿನಲ್ಲೇ ಹೋಗಿ ಬಂದುಬಿಡಿ. ಟವರ್‌ಗೆ ಮೆಟ್ಟಿಲು ಹತ್ತಬೇಕು, ಮೊಣಕಾಲು ನೋವಿರುವ ಅಜ್ಜ ಅಜ್ಜಿ ಜೊತೆಗಿದ್ದರೆ ಆತುರ ಮಾಡದೆ ಹತ್ತಿಸಲು ಹೊತ್ತು ಇಟ್ಟುಕೊಳ್ಳಿ.

ಬಟ್ಟೆ ಮಣ್ಣಿನ ಬಣ್ಣದ್ದು, ಹಸಿರು, ಬೂದು, ಇಂಥದ್ದಿರಲಿ. ಬಿಳಿ, ಕೆಂಪು, ಮಿಂಚುವ ಬಟ್ಟೆ ಬೇಡ. ಅತ್ತರು, ಸೆಂಟು ಬಳಿಯಬೇಡಿ. ಟೋಪಿ ಬೇಕೇ ಬೇಕು. ಎಲ್ಲಕ್ಕಿಂತ ಮುಖ್ಯವಾದ ಒಂದು ವಸ್ತು ಇದೆ, ಅದನ್ನು ಯಾರೂ ತರುವುದಿಲ್ಲ: ಬೈನಾಕ್ಯುಲರ್. ಟವರ್‌ನಿಂದ ಎದುರಿನ ಗುಡ್ಡ ದೂರ ಇದೆ. ಬರಿಗಣ್ಣಿಗೆ ಕರಡಿ ಅಂದರೆ ಬಂಡೆ ಮೇಲೆ ಅಲ್ಲಾಡುವ ಕಪ್ಪು ಚುಕ್ಕೆ. ಫೋನಿನ ಕ್ಯಾಮೆರಾದಲ್ಲಿ ಆ ಚುಕ್ಕೆಯೂ ಕಾಣುವುದಿಲ್ಲ. ಬೈನಾಕ್ಯುಲರ್ ಹಿಡಿದರೆ ಎದೆ ಮೇಲಿನ ಬಿಳಿ ಗುರುತು, ಉದ್ದ ಉಗುರು, ತಾಯಿಯ ಬೆನ್ನಿನ ಕೂದಲು ಹಿಡಿದು ಕೂತ ಮರಿಯ ಮುಖ ಎಲ್ಲ ಕಾಣುತ್ತದೆ. 8x42 ಅಂತ ಬರೆದಿರುವುದು ಸಾಕು, ಮನೆಗೆ ಒಂದಿದ್ದರೂ ಕೈಯಿಂದ ಕೈಗೆ ಕೊಟ್ಟು ನೋಡಬಹುದು. ಸ್ವಂತದ್ದು ಇಲ್ಲದಿದ್ದರೆ ಗೆಳೆಯರ ಹತ್ತಿರ ಕೇಳಿ ತನ್ನಿ. ಫೋಟೊ ಆಸಕ್ತಿ ಇರುವವರು 400 ಎಂಎಂಗಿಂತ ಕಡಿಮೆ ಲೆನ್ಸ್ ತಂದರೆ ಬೇಸರವಾಗುತ್ತದೆ. ಡ್ರೋನ್ ತರಲೇಬೇಡಿ, ಅನುಮತಿ ಇಲ್ಲದೆ ಧಾಮದ ಮೇಲೆ ಹಾರಿಸುವುದು ಅಪರಾಧ.

ಟವರ್ ಮೇಲೆ ಕೂತ ಮೇಲೆ ಮೊದಲ ಒಂದು ಗಂಟೆ ಕರಡಿ ಬರದಿದ್ದರೂ ಎದ್ದು ಹೋಗಬೇಡಿ. ಆ ಗಂಟೆಯಲ್ಲಿ ಬೇರೆಯವು ಬರುತ್ತವೆ. ನವಿಲು, ಗೌಜಲಹಕ್ಕಿ, ಮುಂಗುಸಿ, ಒಮ್ಮೊಮ್ಮೆ ಕಾಡುಹಂದಿ. ಬೆಲ್ಲದ ಪಾಕಕ್ಕೆ ಅವೂ ಪಾಲುದಾರರು. ಹಕ್ಕಿ ನೋಡುವವರು ದೂರದೂರದ ಊರುಗಳಿಂದ ಇಲ್ಲಿಗೆ ಬರುವುದು ಹಳದಿ ಕೊರಳಿನ ಪಿಕಳಾರಕ್ಕೆ. ದಕ್ಷಿಣ ಭಾರತದ ಬಂಡೆ ಗುಡ್ಡಗಳಲ್ಲಿ ಮಾತ್ರ ಇರುವ, ಸಂಖ್ಯೆ ಕಡಿಮೆಯಾಗುತ್ತಿರುವ ಹಕ್ಕಿ ಅದು. ನಮ್ಮ ಹಿತ್ತಲಲ್ಲೇ ಇದೆ! ಚಿರತೆ, ಮುಳ್ಳುಹಂದಿ, ಚಿಪ್ಪುಹಂದಿ, ನಕ್ಷತ್ರ ಆಮೆ ಕೂಡ ಈ ಕಾಡಿನವೇ. ಇವು ಕಾಣುವುದು ಅಪರೂಪ.

ಕರಡಿ ಬಂದಾಗ ಏನು ನೋಡಬೇಕು ಅಂತ ಸ್ವಲ್ಪ ತಿಳಿದುಕೊಂಡು ಹೋದರೆ ಕಾಣುವುದೇ ಬೇರೆ. ಈ ಕರಡಿಗೆ ಮೇಲಿನ ದವಡೆಯ ನಡುವಿನ ಎರಡು ಮುಂಭಾಗದ ಹಲ್ಲು ಇರುವುದಿಲ್ಲ. ಆ ಸಂದಿಯಿಂದಲೇ ಗೆದ್ದಲನ್ನು ಜೋರಾಗಿ ಹೀರಿಕೊಳ್ಳುತ್ತದೆ, ಆ ಸದ್ದು ದೂರಕ್ಕೂ ಕೇಳುತ್ತದೆ. ಸಾಮಾನ್ಯವಾಗಿ ಒಂದು ಅಥವಾ ಎರಡು ಮರಿ. ಹುಟ್ಟುವುದು ಜಾಸ್ತಿ ಚಳಿಗಾಲದಲ್ಲಿ, ಎರಡು ಮೂರು ತಿಂಗಳು ಗುಹೆಯೊಳಗೇ ಇದ್ದು ಆಮೇಲೆ ತಾಯಿಯ ಬೆನ್ನೇರಿ ಹೊರಗೆ ಬರುತ್ತವೆ. ಹಾಗಾಗಿ ಬೆನ್ನ ಮೇಲೆ ಮರಿ ನೋಡುವ ಆಸೆ ಇದ್ದವರು ಫೆಬ್ರುವರಿ, ಮಾರ್ಚ್‌ನಲ್ಲಿ ಬನ್ನಿ. ಮರಿ ಇರುವ ತಾಯಿ ಬಂಡೆ ನೆಕ್ಕುತ್ತಿರುವಾಗ ಇದ್ದಕ್ಕಿದ್ದಂತೆ ತಲೆಯೆತ್ತಿ ನಿಂತು ಮರಿಗಳನ್ನು ಕರೆದುಕೊಂಡು ಹೊರಟುಬಿಟ್ಟರೆ ಆ ಬಂಡೆಯ ಸುತ್ತಮುತ್ತ ನೋಡಿ. ಬಹಳ ಸಲ ದೊಡ್ಡ ಗಂಡು ಕರಡಿ ಬರುತ್ತಿರುತ್ತದೆ. ಟವರ್ ಮೇಲಿರುವ ವಾಚರ್ ಹತ್ತಿರ ಮೆಲ್ಲಗೆ ಮಾತಾಡಿಸಿ, ‘ಅಣ್ಣ, ಎಲ್ಲಿ ನೋಡ್ಬೇಕು’ ಅಂತ ಕೇಳಿ. ನಮಗೆ ಬರೀ ಬಂಡೆ ಕಾಣುವ ಕಡೆ ಅವರಿಗೆ ಕರಡಿ ಕಾಣುತ್ತದೆ. ಫೋನ್ ಸೈಲೆಂಟ್‌ನಲ್ಲಿರಲಿ. ಫ್ಲ್ಯಾಶ್, ಸಿಳ್ಳೆ, ಚಪ್ಪಾಳೆ, ಕೂಗು ಯಾವುದೂ ಬೇಡ. ನಿಮ್ಮ ಗುಂಪಿನಲ್ಲಿ ಜೋರಾಗಿ ಮಾತಾಡುವ ಮಾವ ಒಬ್ಬರು ಇದ್ದರೆ ಅವರಿಗೆ ಕಾರಿನಲ್ಲೇ ಪ್ರೀತಿಯಿಂದ ಹೇಳಿಬಿಡಿ, ಟವರ್ ಮೇಲೆ ಹೇಳಿದರೆ ಅವರಿಗೂ ಮುಜುಗರ.

ಕಾಲದ ವಿಷಯ. ಮಳೆ ಕಳೆದ ಮೇಲೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ಕಾಯಲು ಹಿತ. ಏಪ್ರಿಲ್, ಮೇನಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ, ಬಂಡೆ ಕಾದಿರುತ್ತದೆ, ಬಿಸಿಲು ಇಳಿಯುವವರೆಗೆ ಕರಡಿ ನೆರಳು ಬಿಡುವುದಿಲ್ಲ. ಆಗ ಚಿಕ್ಕ ಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ಹೋಗಬೇಡಿ ಅನ್ನುವುದೇ ನನ್ನ ಮಾತು. ಜೋರು ಮಳೆ ಬಂದ ದಿನ ಪಾಕ ತೊಳೆದು ಹೋಗುತ್ತದೆ. ಡಿಸೆಂಬರ್‌ನಲ್ಲಿ ಹವೆ ಚೆನ್ನಾಗಿದ್ದರೂ ಆರಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಆ ಲೆಕ್ಕದಲ್ಲಿ ಇನ್ನೂ ಬೇಗ ಹೋಗಿ. ಸಾಧ್ಯವಾದರೆ ವಾರದ ನಡುವಿನ ದಿನ ಆರಿಸಿಕೊಳ್ಳಿ. ಭಾನುವಾರ, ಸಾಲು ರಜೆ, ಹಂಪಿ ಉತ್ಸವದ ದಿನಗಳಲ್ಲಿ ಟವರ್ ಮೇಲೆ ಜನ ತುಂಬುತ್ತಾರೆ, ಹೊಸಪೇಟೆಯಲ್ಲಿ ರೂಮ್ ಸಿಗುವುದೂ ಕಷ್ಟ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಧಾಮದೊಳಗೆ ಎಲ್ಲೂ ಗಾಡಿಯಿಂದ ಇಳಿದು ಬಂಡೆ ಕಡೆ ನಡೆಯಬೇಡಿ, ಸೆಲ್ಫಿಗೂ ಬೇಡ. ಈ ಕರಡಿ ಮೆತ್ತಗಿರುವ ಪ್ರಾಣಿ ಅಲ್ಲ. ಕಣ್ಣು ಕಿವಿ ಮಂದ ಆಗಿರುವುದರಿಂದ ಮನುಷ್ಯ ತೀರಾ ಹತ್ತಿರ ಬರುವವರೆಗೆ ಅದಕ್ಕೆ ತಿಳಿಯುವುದಿಲ್ಲ, ತಿಳಿದ ಕೂಡಲೇ ಗಾಬರಿಯಲ್ಲಿ ಮೈಮೇಲೆ ಬೀಳುತ್ತದೆ. ಸುತ್ತಲಿನ ಹಳ್ಳಿಗಳವರಿಗೆ ಇದು ಚೆನ್ನಾಗಿ ಗೊತ್ತು. ಹೊಲಕ್ಕೆ ಮುಂಜಾನೆ ನೀರು ಕಟ್ಟಲು ಹೋಗುವವರು, ಸೌದೆಗೆ ಹೋಗುವವರು ಈ ಭಯದ ಜೊತೆಗೇ ಬದುಕುತ್ತಾರೆ. ಧಾಮ 1994ರಲ್ಲಿ ಬಿಳಿಕಲ್ಲು ಅರಣ್ಯದ 5,587 ಹೆಕ್ಟೇರ್ ಜಾಗದಲ್ಲಿ ಶುರುವಾಯಿತು, 2009ರಲ್ಲಿ ಬುಕ್ಕಸಾಗರ ಅರಣ್ಯ ಸೇರಿ ಈಗ ಸುಮಾರು 82 ಚದರ ಕಿಲೋಮೀಟರ್ ಆಗಿದೆ. ಕೇಳಲು ದೊಡ್ಡದು ಅನ್ನಿಸಿದರೂ ಸುತ್ತ ಬಾಳೆ, ಕಬ್ಬು, ಭತ್ತದ ಹೊಲಗಳೇ. ಕರಡಿಗೆ ಬೇಲಿ ಯಾವುದು, ಕಾಡು ಯಾವುದು ಅಂತ ಗೊತ್ತಾಗುವುದಿಲ್ಲ ಅಲ್ವಾ? ಆ ಊರುಗಳಲ್ಲಿ ಚಹಾ ಕುಡಿಯಲು ನಿಂತಾಗ ಜನರ ಜೊತೆ ಮಾತಾಡಿ. ಕರಡಿ ಉಳಿದಿರುವುದರಲ್ಲಿ ಅವರ ಸಹನೆಯ ಪಾಲೂ ದೊಡ್ಡದು.

ಹಂಪಿ, ಆನೆಗೊಂದಿ ಗುಡ್ಡಗಳಲ್ಲಿ ಸೂರ್ಯೋದಯಕ್ಕೆ, ಸೂರ್ಯಾಸ್ತಕ್ಕೆ ಹತ್ತುವ ಹುಡುಗರಿಗೂ ಇದೇ ಮಾತು. ಆ ಗುಡ್ಡಗಳಲ್ಲೂ ಕರಡಿ, ಚಿರತೆ ಓಡಾಡುತ್ತವೆ. ನಸುಕಿನಲ್ಲಿ ಒಬ್ಬೊಬ್ಬರೇ ಹೋಗಬೇಡಿ, ಸ್ಥಳೀಯ ಗೈಡ್ ಜೊತೆ ಹೋಗಿ.

ವಾಪಸ್ ಬರುವಾಗ ಮುಖ್ಯ ರಸ್ತೆ ಮುಟ್ಟುವವರೆಗೆ ಗಾಡಿ ನಿಧಾನ ಓಡಿಸಿ, ಕತ್ತಲಾಗುತ್ತಿದ್ದಂತೆ ಪ್ರಾಣಿಗಳು ರಸ್ತೆ ದಾಟುತ್ತವೆ. ಬಳ್ಳಾರಿ, ಕೊಪ್ಪಳದವರು ಆರಾಮಾಗಿ ಮನೆ ಸೇರಬಹುದು. ರಾಯಚೂರಿನವರು ರಾತ್ರಿ ಅಷ್ಟು ದೂರ ಗಾಡಿ ಓಡಿಸುವ ಬದಲು ಹೊಸಪೇಟೆಯಲ್ಲೋ ಗಂಗಾವತಿಯಲ್ಲೋ ಉಳಿದುಕೊಳ್ಳಿ. ಖರ್ಚು ಜಾಸ್ತಿ ಆದರೂ ಪರವಾಗಿಲ್ಲ ಅನ್ನುವವರಿಗೆ ಕಮಲಾಪುರದಲ್ಲಿ ಜಂಗಲ್ ಲಾಡ್ಜಸ್ ರೆಸಾರ್ಟ್ ಇದೆ. ಊಟ, ವಸತಿ, ಕರಡಿಧಾಮ ಸುತ್ತಾಟ ಎಲ್ಲ ಸೇರಿಸಿಯೇ ಮೊದಲೇ ಬುಕ್ ಮಾಡಬಹುದು. ಅಲ್ಲಿನ ಗೈಡ್‌ಗಳಿಗೆ ಹಕ್ಕಿಗಳ ವಿಷಯ ಚೆನ್ನಾಗಿ ಗೊತ್ತಿರುತ್ತದೆ.

ಅಷ್ಟು ತಯಾರಿ ಮಾಡಿಕೊಂಡು ಹೋದರೂ ಕರಡಿ ಕಾಣದೇ ಇರಬಹುದು. ಆಗ ಉಳಿದುಕೊಳ್ಳುವ ಅವಕಾಶ ಇದ್ದವರು ಮರುದಿನ ಮಧ್ಯಾಹ್ನ ಮತ್ತೆ ಹೋಗಿ ಕೂರಿ, ಬೆಳಿಗ್ಗೆ ಹೊತ್ತು ತುಂಗಭದ್ರಾ ದಂಡೆಗೆ ಬನ್ನಿ. ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗೆ 34 ಕಿಲೋಮೀಟರ್ ಉದ್ದದ ನದಿಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಅಂತ ಘೋಷಿಸಿದ್ದಾರೆ. ನದಿ ಇಳಿದಿರುವ ದಿನ, ಬಟ್ಟೆ ಒಗೆಯುವವರು, ದೋಣಿಯವರು ಬರುವ ಮುಂಚೆ, ಹೊತ್ತು ಹುಟ್ಟುವಾಗಲೇ ಹೋಗಿ ದೂರದಲ್ಲಿ ಕೂತುಕೊಳ್ಳಿ. ಅದೇ ಬೈನಾಕ್ಯುಲರ್ ಇಲ್ಲಿಗೂ ಬೇಕು.